ಮೋರಿಯಾಚೆಯ ಸಾಲು

"ಪೈಪು ನಮ್ಮದೇ, ಇಲ್ಲ ಅನ್ನಲ್ಲ. ಆದ್ರೆ ಆ ನೀರು ಕುಡಿಯೋ ಬಾಯಿ ನಮ್ಮದಲ್ವಲ್ಲ" ಎಂದರು ನಗರಸಭೆಯ ಆರೋಗ್ಯಾಧಿಕಾರಿ. ಮಾತು ಚೆನ್ನಾಗಿ ಬಂತು ಎಂದು ಅವರಿಗೇ ಅನಿಸಿರಬೇಕು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಳ್ಳುತ್ತ, ಎದುರಿಗೆ ಕುಳಿತಿದ್ದ ಹೆಂಗಸು ನಗುತ್ತಾಳೇನೋ ಎಂದು ನೋಡಿದರು. ಆಕೆ ನಗಲಿಲ್ಲ.

ಆಕೆ ಸಮನ್ವಯಾಧಿಕಾರಿ. ನಗರಸಭೆಯ ಆರೋಗ್ಯ ವಿಭಾಗಕ್ಕೂ ಜಿಲ್ಲಾ ಆರೋಗ್ಯ ಕಚೇರಿಗೂ ನಡುವೆ ಮಾತು ಕೂಡಿಸುವುದು, ಕೆಲಸ ಕೂಡಿಸುವುದು ಆಕೆಯ ಜವಾಬ್ದಾರಿ. ನಗರಸಭೆಯಲ್ಲಿ ಆಕೆಗೊಂದು ಮೇಜಿತ್ತು, ಕುರ್ಚಿಯನ್ನು ಯಾರೋ ಒಯ್ದಿದ್ದರು. ಜಿಲ್ಲಾ ಕಚೇರಿಯಲ್ಲಿ ಕುರ್ಚಿಯಿತ್ತು, ಮೇಜು ಇನ್ನೂ ಮಂಜೂರಾಗಿರಲಿಲ್ಲ. ಎರಡೂ ಕಡೆ ಆಕೆ ಬಾಗಿಲಲ್ಲಿ ಕಂಡರೆ ಸಾಕು, "ನೆಂಟರಮ್ಮ ಬಂದ್ರು" ಎಂದು ನಗೆ ಹರಿದಾಡುತ್ತಿತ್ತು. ಶಾಲೆಯ ಬಸ್ಸು ಓಡಿಸುವ ಗಂಡನಿಗೂ ಈ ಹೆಸರು ತಲುಪಿ, "ಎರಡು ಮನೆ ನೆಂಟ ಉಪವಾಸ ಬಿದ್ದನಂತೆ, ಊಟ ಮಾಡ್ಕೊಂಡೇ ಹೋಗು" ಎಂದು ಬೆಳಗ್ಗೆ ಡಬ್ಬಿ ಕೈಗೆ ಕೊಡುತ್ತಿದ್ದ. ಈ ಕೆಲಸಕ್ಕೂ ಮೊದಲು ಆಕೆ ನಗರದ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಒಂದೊಂದೇ ಜೀವ ಕೈಗೆತ್ತಿಕೊಂಡು ವರ್ಷಗಟ್ಟಲೆ ನಿಂತೂ ನಿಂತೂ ಕಾಲಿನ ನರ ಉಬ್ಬಿಕೊಂಡಾಗ, ಕೂತು ಮಾಡುವ ಕೆಲಸದಲ್ಲಿ ಒಟ್ಟಿಗೆ ನೂರಾರು ಜನರ ಉಪಯೋಗಕ್ಕೆ ಬರಬಹುದು ಎಂದು ನಂಬಿ ಈ ಹುದ್ದೆ ಕೇಳಿ ಪಡೆದಿದ್ದಳು.

ಊರಿನ ಅಂಚಿನಲ್ಲಿ ಒಂದು ದೊಡ್ಡ ಮೋರಿ ಹರಿಯುತ್ತದೆ. ಯಾವ ಕಾಲದಲ್ಲೋ ಗಡಿ ಎಳೆದವರಿಗೆ ಅದೇ ಸಲೀಸಾಗಿ ಕಂಡಿರಬೇಕು. ಮೋರಿಯ ಈಚೆ ನಗರ, ಆಚೆ ಜಿಲ್ಲೆ. ಆಚೆ ದಡದ ಮೇಲೆ ಒಂದೇ ಸಾಲು ಮನೆಗಳು. ಒಂದರ ಗೋಡೆಗೆ ಇನ್ನೊಂದು ಒರಗಿಕೊಂಡು ನಿಂತಿವೆ, ಒಂದನ್ನು ಕೆಡವಿದರೆ ಸಾಲೇ ಮಲಗಿಬಿಡುತ್ತದೆ ಎಂಬಂತೆ. ಚುನಾವಣೆಯೊಂದರ ಹೊತ್ತಿಗೆ ಯಾರೋ ಪುಣ್ಯಾತ್ಮರು ನಗರದ ನೀರಿನ ಪೈಪನ್ನು ಮೋರಿಯೊಳಗಿನಿಂದಲೇ ದಾಟಿಸಿ ಈ ಸಾಲಿಗೆ ಒಂದು ನಲ್ಲಿ ಹಾಕಿಸಿ ಹೋಗಿದ್ದರು. ಈಗ ಆ ಪೈಪಿನ ಬೆಸುಗೆ ಸಡಿಲಿತ್ತು. ನೀರು ಬಿಟ್ಟಾಗ ಒಳ್ಳೆಯ ನೀರು ಮೋರಿಗೆ ಸೋರುತ್ತಿತ್ತು. ನಿಲ್ಲಿಸಿದಾಗ ಮೋರಿ ಪೈಪಿನೊಳಕ್ಕೆ ಇಳಿಯುತ್ತಿತ್ತು. ಮೊದಲ ಕಂದು ನೀರು ಹರಿದುಹೋದ ಮೇಲೆ ಬಂದದ್ದು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತಿತ್ತು, ಕಾಯಿಲೆ ಅದರಲ್ಲೂ ಇತ್ತು. ಸಾಲಿನಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಕಾಮಾಲೆ ಹತ್ತತೊಡಗಿತ್ತು.

ಮಾಡಬೇಕಾದ ಕೆಲಸ ಮಗುವಿಗೂ ಗೊತ್ತಾಗುವಂಥದು. ಪೈಪು ಮುಚ್ಚಬೇಕು, ರಿಪೇರಿಯಾಗುವವರೆಗೆ ಟ್ಯಾಂಕರಿನಲ್ಲಿ ನೀರು ಕೊಡಬೇಕು. ಪೈಪು ನಗರದ್ದು, ಟ್ಯಾಂಕರು ಜಿಲ್ಲೆಯದು. ಕಾಯಿಲೆ ನೀರಿನಿಂದಲೇ ಬಂದಿದೆ ಎಂದು ಜಿಲ್ಲೆ ಹೇಳಲಿ, ಆಮೇಲೆ ಪೈಪಿನ ಮಾತು ಎಂದರು ನಗರದವರು. ತಮ್ಮ ನೀರು ಕೆಟ್ಟಿದೆ ಎಂದು ನಗರ ಒಪ್ಪಿಕೊಳ್ಳಲಿ, ಆಮೇಲೆ ಟ್ಯಾಂಕರಿನ ಮಾತು ಎಂದರು ಜಿಲ್ಲೆಯವರು. ಜಿಲ್ಲಾ ಅಧಿಕಾರಿಣಿ ಕೆಟ್ಟವರೇನಲ್ಲ. ಮೇಲಿನವರಿಂದ ಬೈಸಿಕೊಂಡು ದಣಿದ ಡಾಕ್ಟರು. "ನೋಡಿ, ಮಾತ್ರೆ ಕೊಡು ಅಂದ್ರೆ ಕೊಡ್ತೀನಿ, ಜನ ಕಳಿಸು ಅಂದ್ರೆ ಕಳಿಸ್ತೀನಿ. ಆ ಪೈಪಿನ ಬಗ್ಗೆ ಬಾಯಿ ಬಿಟ್ರೆ ನಾಳೆ ಅದು ನನ್ನ ಕೊರಳಿಗೇ ಬೀಳುತ್ತೆ" ಎಂದು ಆಕೆಯ ಕೈಹಿಡಿದು ಹೇಳಿದ್ದರು.

ನೆಂಟರಮ್ಮ ಎರಡು ಕಚೇರಿಗಳ ನಡುವೆ ಓಡಾಡಿ ಚಪ್ಪಲಿ ಸವೆಸಿದಳು. ಸಾಲಿಗೂ ಹೋದಳು. ಅಲ್ಲಿ ಮೊದಲ ಮನೆ ಇಸ್ತ್ರಿ ಅಕ್ಕನದು. ಮನೆಯ ಮುಂದೆ ತಗಡಿನ ಮಾಡಿನ ಕೆಳಗೆ ಅವಳ ಮೇಜು, ಕೆಂಡದ ಪೆಟ್ಟಿಗೆ, ನಗರದ ಮನೆಗಳಿಂದ ಬಂದ ಬಟ್ಟೆಗಳ ಗಂಟು. ಮಗ ಲಾರಿಯ ಜೊತೆ ದೂರ ದೂರ ಹೋಗುವವನು, ತಿಂಗಳಿಗೊಮ್ಮೆ ಮುಖ ತೋರಿಸುವವನು. ಮನೆಯಲ್ಲಿ ಸೊಸೆ, ಎಂಟು ತಿಂಗಳ ಬಸುರಿ. ಆ ಹುಡುಗಿಗೆ ನಗು ಜಾಸ್ತಿ. ಅತ್ತೆ ಏನು ಗದರಿದರೂ ನಗುವಳು, ಅವಳು ನಕ್ಕಳೆಂದು ಅತ್ತೆ ಇನ್ನಷ್ಟು ಗದರುವಳು. ಹೀಗೇ ಅವರಿಬ್ಬರ ಸಂಸಾರ ನಡೆದಿತ್ತು.

ಬೇರೆಯವರಿಗಾದರೆ ಈ ಕಾಮಾಲೆ ಕೆಲವು ವಾರ ಹಾಸಿಗೆ ಹಿಡಿಸಿ ಬಿಟ್ಟುಹೋಗುತ್ತದೆ, ಬಸುರಿಯರನ್ನು ಮಾತ್ರ ಹಾಗೆ ಬಿಡುವುದಿಲ್ಲ. ನರ್ಸಾಗಿದ್ದವಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಹುಡುಗಿಯನ್ನು ಸ್ವಲ್ಪ ದಿನ ತವರಿಗೆ ಕಳಿಸಿಬಿಡು ಎಂದಳು. ತವರು ಅಂತ ಇದ್ದರಲ್ಲವೇ ಕಳಿಸುವುದು ಎಂದಳು ಇಸ್ತ್ರಿ ಅಕ್ಕ. ತಾಯಿ ಸತ್ತ ಮನೆಯಲ್ಲಿ ಅಣ್ಣ ಅತ್ತಿಗೆಯ ಕಾಲ ಕೆಳಗೆ ಬೆಳೆದ ಹುಡುಗಿ. ಮದುವೆಯಾಗಿ ಬಂದ ಮೇಲೆ ಆ ಕಡೆಯಿಂದ ಒಂದು ಫೋನೂ ಇಲ್ಲ. ಕುದಿಸಿಯಾದರೂ ಕುಡಿಯಿರಿ ಎಂದರೆ, ಇದ್ದಿಲು ಇಸ್ತ್ರಿಗೇ ಸಾಲದು, ಸೌದೆ ಇದ್ದ ದಿನ ಕುದಿಸುತ್ತೇವೆ ಎಂದಳು. ಹಾಗಾದರೆ ಈ ನಲ್ಲಿಯ ನೀರು ಮುಟ್ಟಲೇಬೇಡಿ ಎಂದಾಗ ಇಸ್ತ್ರಿ ಅಕ್ಕ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಬೇರೆ ಯಾವ ನೀರು ಎಂದು ಸುಮ್ಮನೆ ಕೇಳಿದಳು. ಜಗಳಕ್ಕಲ್ಲ, ತಿಳಿದುಕೊಳ್ಳುವುದಕ್ಕೆ. "ಸೋಮವಾರ ಟ್ಯಾಂಕರ್ ಬರುತ್ತೆ" ಎಂಬ ಮಾತು ನೆಂಟರಮ್ಮನ ಬಾಯಿಂದ ಜಾರಿತು. ಸೋಮವಾರ ಒಂದೇ ಮೇಜಿಗೆ ಬಂದು ಕೂರಲು ಎರಡೂ ಕಚೇರಿಯವರನ್ನು ಆಕೆ ಕೊನೆಗೂ ಒಪ್ಪಿಸಿದ್ದಳು. ಮುಖಕ್ಕೆ ಮುಖ ಕೊಟ್ಟು ಕೂತರೆ ಇಲ್ಲ ಅನ್ನಲಾರರು ಎಂಬ ಧೈರ್ಯದಲ್ಲಿ ಆಡಿದ ಮಾತು ಅದು.

ಸಭೆ ಬಹಳ ಚೆನ್ನಾಗಿ ನಡೆಯಿತು. ಆಕೆಗೆ ಆಮೇಲೆ ನೆನೆಸಿಕೊಂಡಾಗಲೆಲ್ಲ ಉರಿಯುತ್ತಿದ್ದದ್ದು ಅದೇ. ಯಾರೂ ದನಿ ಎತ್ತಲಿಲ್ಲ. ಇಬ್ಬರು ಅಧಿಕಾರಿಗಳೂ ಒಂದೇ ಕಾಲೇಜಿನಲ್ಲಿ ಓದಿದವರೆಂದು ಗೊತ್ತಾಗಿ, ತೀರಿಕೊಂಡ ಮೇಷ್ಟ್ರೊಬ್ಬರನ್ನು ನೆನೆದು ಮರುಗಿದರು. ಚಹಾ ಬಂತು, ಬಿಸ್ಕತ್ತು ಬಂತು. ಆಕೆ ಸಾಲಿನ ವಿಷಯ ಎತ್ತಿದಾಗ ಇಬ್ಬರೂ ಗಂಭೀರವಾಗಿ ತಲೆದೂಗಿದರು. ಒಬ್ಬ ಬಸುರಿ ಇದ್ದಾಳೆ, ಕಾಯುವಷ್ಟು ಹೊತ್ತಿಲ್ಲ ಎಂದು ಆಕೆ ಒತ್ತಿ ಹೇಳಿದಾಗ ಇನ್ನೂ ಗಂಭೀರವಾಗಿ ತಲೆದೂಗಿದರು. ಕೊನೆಗೆ ಒಂದು ಜಂಟಿ ಸಮಿತಿ ಮಾಡುವುದು, ಸಮಿತಿ ಮುಂದಿನ ವಾರ ಸ್ಥಳಕ್ಕೆ ಹೋಗಿ ನೋಡುವುದು ಎಂದಾಯಿತು. ಸಮನ್ವಯ ಎಂದರೆ ಹೀಗಿರಬೇಕು ಎಂದು ನಗರದ ಅಧಿಕಾರಿ ಆಕೆಯನ್ನು ಎಲ್ಲರೆದುರು ಹೊಗಳಿದರು.

ಮೆಟ್ಟಿಲಿಳಿಯುತ್ತಿರುವಾಗಲೇ ಇಸ್ತ್ರಿ ಅಕ್ಕನ ಫೋನು ಬಂತು. ಎರಡು ದಿನದಿಂದ ಸುಸ್ತು ಎನ್ನುತ್ತಿದ್ದ ಸೊಸೆ ಬಿಸಿಲೇರಿದಾಗಿನಿಂದ ವಾಂತಿ ಮಾಡಿಕೊಳ್ಳುತ್ತಿದ್ದಾಳೆ, ಕಣ್ಣು ಹಳದಿಯಾಗಿದೆ, ಏನೇನೋ ಮಾತಾಡುತ್ತಿದ್ದಾಳೆ, ನಗುವುದನ್ನು ಬಿಟ್ಟಿದ್ದಾಳೆ.

ಆಟೋದಲ್ಲಿ ಹೆರಿಗೆ ಆಸ್ಪತ್ರೆಗೆ ಕರೆತರಲು ಹೇಳಿ ನೆಂಟರಮ್ಮನೂ ಅಲ್ಲಿಗೆ ಧಾವಿಸಿದಳು. ಅದು ಮೋರಿಯಿಂದ ಕೂಗಳತೆ ದೂರ, ಆದರೆ ನಗರದ್ದು. ಬಾಗಿಲ ಬಳಿಯ ಗುಮಾಸ್ತ ವಿಳಾಸ ಕೇಳಿ, ಪೆನ್ನು ಕೆಳಗಿಟ್ಟು, ಇದು ಜಿಲ್ಲಾ ಆಸ್ಪತ್ರೆಗೆ ಹೋಗಬೇಕಾದ ಕೇಸು ಎಂದ. ಜಿಲ್ಲಾ ಆಸ್ಪತ್ರೆ ಊರಿನ ಇನ್ನೊಂದು ತುದಿಯಾಚೆ. ಹುಡುಗಿ ಆಟೋದಲ್ಲಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು, ಕಣ್ಣು ತೆರೆದುಕೊಂಡೇ ಎಲ್ಲೋ ನೋಡುತ್ತ ಮಲಗಿದ್ದಳು. ನೆಂಟರಮ್ಮ ಮಾತು ಬೆಳೆಸದೆ ಹಿಂದಿನ ಬಾಗಿಲಿಗೆ ಹೋಗಿ, ಜೊತೆಯಲ್ಲಿ ವರ್ಷಗಟ್ಟಲೆ ದುಡಿದ ಹಿರಿಯ ನರ್ಸನ್ನು ಕರೆದಳು. ಗೆಳತಿ ಏನೂ ಕೇಳದೆ ಗಾಲಿಮಂಚ ತಂದಳು. ಒಳಗೆ ಹುಡುಗಿಯನ್ನು ಮಲಗಿಸಿದ ಮೇಲೆ ಮಾತ್ರ ಕಾರಿಡಾರಿಗೆ ಬಂದು, "ನಿನ್ನ ಮುಖ ನೋಡಿ ಒಳಗೆ ಕರ್ಕೊಂಡೆ ಕಣೇ. ಆದ್ರೆ ಲಿವರ್ ಕೈಬಿಟ್ಟಿದೆ. ನಿನಗೆ ನಾನು ಹೇಳಬೇಕಾ?" ಎಂದಳು.

ಸಂಜೆ ದಿನ ತುಂಬದ ಹೆಣ್ಣುಮಗುವೊಂದು ಹುಟ್ಟಿ, ತಡೆದು ತಡೆದು ಅತ್ತಿತು. ಹುಡುಗಿ ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ತೀರಿಕೊಂಡಳು. ಮಗುವನ್ನು ತಂದು ಪಕ್ಕದಲ್ಲಿ ಹಿಡಿದಿದ್ದರು. ನೋಡಿದಳೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ.

ಇಸ್ತ್ರಿ ಅಕ್ಕ ಅಳಲಿಲ್ಲ. ಬೆಂಚಿನ ಮೇಲೆ ಕೂತು ಸೊಸೆಯ ಸೀರೆಯನ್ನು ಮಡಿಸಿದಳು, ಬಿಚ್ಚಿ ಮತ್ತೆ ಮಡಿಸಿದಳು, ಅಂಚಿಗೆ ಅಂಚು ಕೂಡಿಸಿ ಅಂಗೈಯಿಂದ ಸುಕ್ಕು ತೀಡಿದಳು. ಆಮೇಲೆ ತಲೆಯೆತ್ತಿ, ದೂರುವ ದನಿಯೇ ಇಲ್ಲದೆ ಹೇಳಿದಳು:

"ಸೋಮವಾರ ಟ್ಯಾಂಕರ್ ಬರುತ್ತೆ ಅಂದಿದ್ರಿ ಅಕ್ಕ. ಅವಳು ಬೆಳಗ್ಗೆಯಿಂದ ಬಿಂದಿಗೆ ತೊಳೆದಿಟ್ಟು ಕಾಯ್ತಾ ಇದ್ಳು."

ಆ ಸಂಜೆ ಎರಡೂ ಕಚೇರಿಗಳಿಂದ ಆಕೆಗೆ ಕರೆ ಬಂತು. ಸತ್ತವಳು ಜಿಲ್ಲೆಯ ವಾಸಿ, ಸಾವು ಅವರ ಲೆಕ್ಕಕ್ಕೆ ಹೋಗಬೇಕು ಎಂದರು ನಗರದವರು. ಸತ್ತಿದ್ದು ನಗರದ ಆಸ್ಪತ್ರೆಯಲ್ಲಿ, ಅದೂ ನೀವೇ ಸೇರಿಸಿದ್ದು, ನಮಗೇಕೆ ಅಂಟಿಸುತ್ತೀರಿ ಎಂದರು ಜಿಲ್ಲೆಯವರು. ಇಬ್ಬರಿಗೂ ಆಕೆ ಹೂಂಗುಟ್ಟಿದಳು. ಗಂಡ ತಟ್ಟೆ ಹಾಕಿ ಕರೆದಾಗ ಬಂದು ಕೂತಳು, ತುತ್ತು ಬಾಯಿಗಿಟ್ಟುಕೊಂಡು ನುಂಗುವುದನ್ನೇ ಮರೆತಳು. ಅವನು ತಮಾಷೆ ಮಾಡಲಿಲ್ಲ. ರಾಜೀನಾಮೆ ಬಿಸಾಕಿ ಮನೆಯಲ್ಲಿರು, ಇಬ್ಬರ ಹೊಟ್ಟೆಗೆ ನನ್ನ ಬಸ್ಸು ಸಾಕು ಎಂದ. ಆಕೆ ತಲೆಯಾಡಿಸಿದಳು, ಹೂಂ ಎಂದೋ ಉಹೂಂ ಎಂದೋ ಅವನಿಗೆ ತಿಳಿಯಲಿಲ್ಲ.

ಬೆಳಗಾದ ಮೇಲೆ ಆಕೆ ಕಚೇರಿಗೆ ಹೋಗದೆ ನೀರು ಬಿಡುವವನ ಮನೆಗೆ ಹೋದಳು. ಮೋರಿಯ ಈಚೆ ದಡದಲ್ಲಿ, ಪೈಪು ಒಳಗಿಳಿಯುವ ಜಾಗದಲ್ಲಿ ಒಂದು ವಾಲ್ವ್ ಇತ್ತು. ಅದನ್ನು ಮುಚ್ಚು ಎಂದಳು. ಅವನಿಗೆ ಹೆದರಿಕೆ. ಸಾಹೇಬರ ಆರ್ಡರು ಎಲ್ಲಿ ಎಂದು ಕೇಳಿದ. ಆರ್ಡರು ನಾನೇ, ಯಾರು ಕೇಳಿದರೂ ನನ್ನ ಹೆಸರು ಹೇಳು ಎಂದಳು. ಇಷ್ಟು ವರ್ಷದಲ್ಲಿ ಆಕೆ ಯಾರಿಗೂ ಯಾವ ಆರ್ಡರೂ ಕೊಟ್ಟಿರಲಿಲ್ಲ. ಎಲ್ಲರನ್ನೂ ಕೇಳಿಕೊಂಡಿದ್ದಳು ಅಷ್ಟೇ. ಅವನು ಸಾಲಿನ ಸಾವಿನ ಸುದ್ದಿ ಕೇಳಿದ್ದ. ಗೊಣಗುತ್ತಲೇ ಬಂದು ಚಕ್ರ ತಿರುಗಿಸಿ, ಸರಪಳಿ ಸುತ್ತಿ ಬೀಗ ಹಾಕಿದ.

ಅಲ್ಲಿಂದ ನೇರವಾಗಿ ಜಿಲ್ಲಾ ಕಚೇರಿಗೆ. ಈಗ ಸಾಲಿಗೆ ನೀರೇ ಇಲ್ಲ, ಒಳ್ಳೆಯದೂ ಇಲ್ಲ ಕೆಟ್ಟದ್ದೂ ಇಲ್ಲ; ನೀರಿಲ್ಲದ ಕಡೆ ಟ್ಯಾಂಕರು ಕಳಿಸಲೇಬೇಕು ಎಂಬುದು ನಿಮ್ಮದೇ ನಿಯಮ ಎಂದು ಅಧಿಕಾರಿಣಿಯ ಮುಂದೆ ಹೇಳಿದಳು. "ನೀರು ತಾನಾಗಿ ನಿಂತಿದ್ರೆ ಕಳಿಸ್ತಿದ್ದೆ. ನಗರದವರ ಬೀಗ ಬಿದ್ದಿದೆಯಲ್ಲ, ಈಗ ಅವರೇ ಕೊಡಬೇಕು" ಎಂದರು. ಹೇಳುವಾಗ ಅಧಿಕಾರಿಣಿ ಆಕೆಯ ಮುಖ ನೋಡಲಿಲ್ಲ.

ಸಾಲಿನವರು ಒಂದು ದಿನ ತಾಳಿದರು. ಗಂಡಸರು ಸೈಕಲ್ಲಿನ ಮೇಲೆ ಕ್ಯಾನು ಹೇರಿಕೊಂಡು ನಗರದ ಬೀದಿಗಳಲ್ಲಿ ಅಲೆದರು. ಎಲ್ಲೆಡೆ ಬಾಗಿಲು ಹಾಕಿಕೊಂಡರು, ಕಾಮಾಲೆ ಸಾಲಿನವರು ಎಂದು. ಎರಡನೆಯ ದಿನ ಬೆಳಗ್ಗೆ ಯಾರೋ ಸಲಾಕೆ ತಂದು ಬೀಗ ಒಡೆದು ಚಕ್ರ ತಿರುಗಿಸಿದರು.

ಬೀಗ ಒಡೆದ ಸುದ್ದಿಗಿಂತ ಮೊದಲು ಆಕೆಗೆ ನೋಟೀಸು ತಲುಪಿತು. ಅಧಿಕಾರವಿಲ್ಲದೆ ಸಾರ್ವಜನಿಕ ನೀರು ಸರಬರಾಜಿಗೆ ಅಡ್ಡಿ ಮಾಡಿದ್ದಕ್ಕೆ ಕಾರಣ ಕೊಡಬೇಕು, ಅಲ್ಲಿಯವರೆಗೆ ಕೆಲಸಕ್ಕೆ ಬರಕೂಡದು. ಕೆಳಗೆ ನಗರದ ಅಧಿಕಾರಿಯ ಸಹಿ, ಅದರ ಪಕ್ಕದಲ್ಲಿ ಜಿಲ್ಲಾ ಅಧಿಕಾರಿಣಿಯ ಸಹಿ. ಎರಡು ಕಚೇರಿಗಳೂ ಒಂದೇ ಹಾಳೆಯ ಮೇಲೆ ಒಟ್ಟಿಗೆ ಸಹಿ ಹಾಕಿದ್ದನ್ನು ಆಕೆ ನೋಡಿದ್ದು ಅದೇ ಮೊದಲು.

ಆಕೆ ಸಾಲಿನ ಕಡೆ ನಡೆದಳು. ಮೋರಿಯ ಮೇಲಿನ ಹಲಗೆ ದಾಟುವಾಗಲೇ ನಲ್ಲಿಯ ಮುಂದಿನ ಸಾಲು ಕಂಡಿತು. ಬಿಂದಿಗೆ, ಬಕೆಟ್ಟು, ಎಣ್ಣೆಯ ಡಬ್ಬ. ಇಸ್ತ್ರಿ ಅಕ್ಕ ಸಾಲಿನ ಮುಂದುಗಡೆ ಇದ್ದಳು, ಆಸ್ಪತ್ರೆಯಿಂದ ತಂದ ಕೂಸನ್ನು ಹಳೆಯ ಅಂಗಿಯಲ್ಲಿ ಸುತ್ತಿ ಎದೆಗೆ ಆನಿಸಿಕೊಂಡು. ಬೇಡ ಎನ್ನುವ ಮಾತು ನೆಂಟರಮ್ಮನ ಬಾಯಿಗೆ ಬಂತು. ಬೇರೆ ಯಾವ ನೀರು ಎಂದು ಅವಳು ಮತ್ತೆ ಕೇಳಿದರೆ?

"ಸ್ವಲ್ಪ ಹಿಡ್ಕೊಳ್ಳಿ ಅಕ್ಕ, ಎರಡೂ ಕೈ ಬೇಕು" ಎಂದು ಇಸ್ತ್ರಿ ಅಕ್ಕ ಕೂಸನ್ನು ಆಕೆಯ ಕೈಗೆ ಕೊಟ್ಟಳು.

ಕೂಸಿಗೆ ತೂಕವೇ ಇರಲಿಲ್ಲ. ಆಕೆ ಬಿಸಿಲಿಗೆ ಬೆನ್ನು ಮಾಡಿ, ಅದರ ಮುಖಕ್ಕೆ ತನ್ನ ನೆರಳು ಬೀಳುವಂತೆ ನಿಂತಳು. ನಲ್ಲಿ ಎರಡು ಸಲ ಕೆಮ್ಮಿ, ಕಂದು ಬಣ್ಣದ ನೀರು ಉಗುಳಿತು. ಎಲ್ಲರೂ ಕಾದರು. ನೀರು ನಿಧಾನವಾಗಿ ಬಣ್ಣ ಕಳೆದುಕೊಂಡು, ಗಾಜಿನ ಹಾಗೆ ತಿಳಿಯಾಗಿ, ಬಿಸಿಲಿಗೆ ಹೊಳೆಯತೊಡಗಿದ ಮೇಲೆ ಇಸ್ತ್ರಿ ಅಕ್ಕ ಬಿಂದಿಗೆಯನ್ನು ನಲ್ಲಿಯ ಕೆಳಗಿಟ್ಟಳು. ನೀರು ಬೀಳುವ ಸದ್ದಿಗೆ ಕೂಸು ನಿದ್ದೆಯಲ್ಲೇ ಬಾಯಿ ಚಪ್ಪರಿಸಿತು.