‘ನನ್ನ ಕೇಳ್ರಿ’ ಕಾಶಪ್ಪ

ಮೇ ತಿಂಗಳ ಬಾಗಲಕೋಟೆಯಲ್ಲಿ, ಕಾಗೆಗಳು ಕೂಡ ಒಂದು ಗೇಣು ನೆರಳಿಗಾಗಿ ಜಗಳಕ್ಕೆ ನಿಲ್ಲುವ ಮಟಮಟ ಮಧ್ಯಾಹ್ನದಲ್ಲಿ, ಉಣ್ಣೆಯ ಕೋಟು ತೊಟ್ಟು ಬೀದಿಗಿಳಿಯುವವರು ಇಬ್ಬರೇ: ಅಕ್ಷತೆಗೆ ಹೊರಟ ಮದುಮಗ, ಮತ್ತು ನವನಗರದಲ್ಲಿ ಜನಪದ ಹಾಡು ಕೂಡಿಡುವ ಕಚೇರಿಯ ಕಾಶಪ್ಪ. ಮದುಮಗನಿಗೆ ಅದು ಒಂದು ದಿನದ ಶಿಕ್ಷೆ. ಕಾಶಪ್ಪನಾದರೋ ತನ್ನ ಮದುವೆಯ ಕೋಟನ್ನೇ ಹದಿನಾಲ್ಕು ವರ್ಷಗಳಿಂದ ದಿನವೂ ತೊಡುತ್ತ, ಮದುಮಗನ ಪದವಿಯನ್ನು ಯಾರಿಗೂ ಬಿಟ್ಟುಕೊಡದೆ ಬಂದಿದ್ದ. ಅದನ್ನು ಹೊಲಿದ ದರ್ಜಿಯ ಅಂಗಡಿ ಈಗ ಅಣೆಕಟ್ಟಿನ ಹಿನ್ನೀರಿನಡಿ ಇದೆ. ಕೋಟು ಮಾತ್ರ ದಡ ಸೇರಿದೆ. ಕೇಳಿದವರಿಗೆ, “ಸರ್ವರ್ ಖೋಲಿ ಒಳಗ ಎ.ಸಿ. ಭಾಳ ಥಂಡಿ ಇರತೈತ್ರಿ,” ಎನ್ನುತ್ತಿದ್ದ. ಸುಳ್ಳಲ್ಲ. ಆದರೆ ಅಸಲು ಸಂಗತಿ ಎಡಗಡೆಯ ಒಳಕಿಸೆಯಲ್ಲಿತ್ತು. ಅಲ್ಲಿ ಆ ಖೋಲಿಯ ಕೀಲಿಕೈ ಇರುತ್ತಿತ್ತು. ಬಲಗೈ ಬೀಸುತ್ತ, ಎಡಗೈಯಿಂದ ಎದೆ ಒತ್ತಿ ಹಿಡಿದು ಅವನು ನಡೆಯುವ ಚೆಂದ ನೋಡಿ, ಅಪರಿಚಿತರು ಎಷ್ಟೋ ಸಲ, “ಎದಿನೋವೇನ್ರಿ ಯಜಮಾನರ, ಕುಂದರ್ರಿ, ನೀರ ಕುಡೀರಿ,” ಎಂದು ಅಂಗಡಿಯ ಕಟ್ಟೆಗೆ ಕರೆದದ್ದುಂಟು.

ಒಂದರ್ಥದಲ್ಲಿ ಅದು ಎದೆಯ ನೋವೇ. ವೈದ್ಯರು ಅದಕ್ಕೆ ಹೆಸರಿಟ್ಟಿಲ್ಲ. ಹೆಣ್ಣುಮಕ್ಕಳು ಬೀಸುವ ಪದಗಳಲ್ಲಿ ಎಂದೋ ಇಟ್ಟಿದ್ದಾರೆ, ಸವತಿಮತ್ಸರ ಎಂದು.

ಮೂವತ್ತು ವರ್ಷಗಳ ಹಿಂದೆ ಒಂದಷ್ಟು ಜನ ಮೇಷ್ಟ್ರುಗಳು ಸೇರಿ, ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು, ಬಾದಾಮಿ, ಹುನಗುಂದ, ಇಲಕಲ್ಲದ ಸೀಮೆಯಲ್ಲಿ ಊರೂರು ತಿರುಗಿ ಬೀಸುವ ಪದ, ಸೋಬಾನೆ, ಜೋಗುಳ, ಮೊಹರಮ್ಮಿನ ಪದಗಳನ್ನು ಕೂಡಿಹಾಕಿದರು. ಆ ಕ್ಯಾಸೆಟ್ಟುಗಳನ್ನು ಕಾಯಲು ಬಂದವನು ಅಮೀನಗಡದ ಕಾಶಪ್ಪ. ಬಾಗಿಲಲ್ಲಿ ಯಾರಾದರೂ ನಿಂತು, “ಗಂಡನ ಮನಿಗೆ ಹೋಗೂ ಮಗಳು ಅಗಸಿ ಬಾಗಲದಾಗ ತಿರುಗಿ ನೋಡತಾಳಲ್ರಿ, ಆ ಹಾಡು…” ಎಂದು ರಾಗ ಎಳೆಯುವಷ್ಟರಲ್ಲಿ, “ಐತಿ. ನನ್ನ ಕೇಳ್ರಿ,” ಎಂದು ಕೈಚಾಚಿದರೆ ಸಾಕು, ಕ್ಯಾಸೆಟ್ಟು ತಾನಾಗಿ ಬಂದು ಬೆರಳಿಗೆ ಅಂಟಿಕೊಳ್ಳುತ್ತಿತ್ತು. ಆ ‘ನನ್ನ ಕೇಳ್ರಿ’ ಅವನ ಪ್ರತಿ ಮಾತಿಗೂ ಒಗ್ಗರಣೆ. ಮಳೆ ಬರುವುದೋ ಇಲ್ಲವೋ, ನನ್ನ ಕೇಳ್ರಿ. ಹುನಗುಂದದ ಬಸ್ಸು ಹೋಯಿತೋ ಇಲ್ಲವೋ, ನನ್ನ ಕೇಳ್ರಿ. ಅವನು ಮಾತ್ರ ಯಾರನ್ನೂ ಏನನ್ನೂ ಕೇಳಿದ್ದನ್ನು ಕಂಡವರಿಲ್ಲ.

ಮುಂದೆ ನಲವತ್ತು ಸಾವಿರ ಹಾಡುಗಳು ಕ್ಯಾಸೆಟ್ಟು ಬಿಟ್ಟು ಕಂಪ್ಯೂಟರಿಗೆ ಇಳಿದವು. ಹುಡುಕಿಕೊಡುವ ಸರ್ವರ್ ಒಂದು ಬಂತು. ಯಾರು ಬೇಕಾದರೂ ತಮ್ಮ ಮೊಬೈಲಿನಲ್ಲಿ ಒಂದು ಮಾತು ಒತ್ತಿದರೆ ಹಾಡು, ಹಾಡಿದವಳ ಹೆಸರು, ಊರು ಎಲ್ಲ ಕಣ್ಣ ಮುಂದೆ. ಕಾಶಪ್ಪನ ಎದೆಯಲ್ಲಿ ಅಂದು ಹೊತ್ತಿದ ಕಿಚ್ಚು ಆರಲಿಲ್ಲ; ಆದರೆ ಅವನು ಮುನಿದು ಮೂಲೆ ಸೇರುವ ಜಾತಿಯವನಲ್ಲ. ಮನೆಗೆ ಬಂದ ಸವತಿಯ ತಲೆಗೆ ಎಣ್ಣೆಯೊತ್ತಿ ಎರೆಯುವ ಕೆಲಸವನ್ನು ಬೇರೊಬ್ಬರಿಗೆ ಕೊಡದೆ ತಾನೇ ಹಿಡಿದ ಹಿರಿಯ ಹೆಂಡತಿಯಂತೆ, ನಲವತ್ತರ ವಯಸ್ಸಿನಲ್ಲಿ ಆ ಯಂತ್ರದ ವಿದ್ಯೆಯನ್ನೆಲ್ಲ ಕಲಿತು, ಖೋಲಿಗೆ ಕೀಲಿ ಹಾಕಿ, ಕೀಲಿಕೈ ಕೋಟಿನೊಳಗೆ ಇಟ್ಟ.

ಯಂತ್ರಕ್ಕೆ ಒಂದು ದಡ್ಡತನವಿತ್ತು. ಶಾಲೆ ಕಲಿತವರು ‘ಮನೆ’ ಎಂದು ಹುಡುಕುವರು. ಹಾಡಿದವಳು ‘ಮನಿ’ ಎಂದಿರುವಳು. ಯಂತ್ರ ‘ಇಲ್ಲ’ ಎನ್ನುವುದು. ‘ನಸುಕು’ ಎಂದರೆ ‘ನಸಿಕಿನ್ಯಾಗ’ ಸಿಗದು. ಈ ಕೊರತೆಯನ್ನು ತುಂಬಲು ಕಾಶಪ್ಪ ಒಂದು ಪಟ್ಟಿ ಕಟ್ಟಿದ: ಯಾವ ಮಾತಿಗೆ ಯಾವ ಊರಿನಲ್ಲಿ ಏನೇನು ರೂಪ ಎಂಬ ಹನ್ನೊಂದು ಸಾವಿರ ಮಾತುಗಳ ಪಟ್ಟಿ. ಯಾರನ್ನೂ ಕೇಳಿ ಬರೆದದ್ದಲ್ಲ, ಎಲ್ಲವೂ ಕದ್ದು ಕೇಳಿದ್ದು. ಬಸ್ಸಿನಲ್ಲಿ ನಿದ್ದೆಯ ಸೋಗು ಹಾಕಿ, ಹಿಂದಿನ ಸೀಟಿನ ಹೆಣ್ಣುಮಕ್ಕಳ ಜಗಳ ಆಲಿಸುತ್ತ, ಟಿಕೀಟಿನ ಬೆನ್ನ ಮೇಲೆ ಗೀಚಿಕೊಂಡದ್ದು. ಆ ಪಟ್ಟಿ ಸರ್ವರಿನೊಳಗೆ ಅವನೊಬ್ಬನ ಗುಪ್ತಪದದ ಹಿಂದೆ ಇತ್ತು. ಅಲ್ಲಿಂದ ಮುಂದೆ ಯಂತ್ರಕ್ಕೆ ಊರಿನ ಮಾತು ಬಂತು. ಆದರೆ ಕಾಶಪ್ಪನ ಬಾಯಿಂದಲೇ ಬಂತು. ಸವತಿ ಕೂಡ ಅವನನ್ನೇ ಕೇಳಬೇಕಾಯಿತು!

ತೊಂದರೆ ಶ್ರಾವಣದಲ್ಲಿ. ಪಂಚಮಿಯ ಜೋಕಾಲಿಗೆ ಒಂದು ವಾರ ಇದೆ ಎನ್ನುವಾಗ ಮೂರು ಸೀಮೆಯ ಸಾಲಿ ಟೀಚರುಗಳು, ಭಜನಾ ಮೇಳದವರು, ತವರಿಗೆ ಬಂದ ಹೆಣ್ಣುಮಕ್ಕಳು ಎಲ್ಲರೂ ಒಮ್ಮೆಗೇ ಹಾಡು ಹುಡುಕುವರು. ಸರ್ವರ್ ಏದುಸಿರು ಬಿಟ್ಟು ಕೂತೇಬಿಡುವುದು. ಆಗ ಕಾಶಪ್ಪನ ಫೋನು ಬಾರಿಸುವುದು. “ಐತಿ, ಬರಕೋರಿ, ನನ್ನ ಕೇಳ್ರಿ…” ಎಂದು ಬಾಯಿಪಾಠ ಹೇಳುವ ಅವನ ಮುಖದ ಮೇಲೆ ಆ ವಾರವಿಡೀ ಹೊಸ ಬೆಲ್ಲದ ಹೊಳಪು. ಯಂತ್ರ ಕೆಟ್ಟರೆ ಕುಣಿಯುವ ಯಂತ್ರಪಾಲಕನನ್ನು ಬೇರೆಲ್ಲಿ ಕಾಣುವಿರಿ?

ಈ ವರ್ಷ ಶ್ರಾವಣಕ್ಕೆ ಮೊದಲೇ ಕಚೇರಿಯ ಕಾರ್ಯದರ್ಶಿ ಗೀತಾಂಜಲಿ ಮೇಡಂ ಸಭೆ ಕರೆದರು. ಒಂದೇ ಸರ್ವರಿನ ಬದಲು ಬಾದಾಮಿ, ಹುನಗುಂದ, ಇಲಕಲ್ಲದ ಶಾಖೆಗಳಲ್ಲಿ ಒಂದೊಂದು ಇಟ್ಟು, ಹಾಡುಗಳನ್ನು ಮೂರಕ್ಕೂ ಹಂಚಿ, ಮೂರೂ ಕೂಡಿ ಹುಡುಕುವ ಹಾಗೆ ಮಾಡಿದರೆ ಹೇಗೆ ಎಂಬುದು ಪ್ರಶ್ನೆ. ಇಲಕಲ್ಲ ಶಾಖೆಯ ಆಫ್ರೀನ ಮೂರು ದಿನ ಬಂದು ಯಂತ್ರವನ್ನು ಅಳೆದು ನೋಡಬೇಕು. ಸೋಮವಾರ ಇಬ್ಬರೂ ಅಭಿಪ್ರಾಯ ಕೊಡಬೇಕು.

“ಒಲಿ ಬ್ಯಾರೆ ಮಾಡೂದು ಅನ್ರಿ ಹಂಗಾರ,” ಎಂದ ಕಾಶಪ್ಪ. “ಒಂದ ಮನ್ಯಾಗ ಮೂರ ಒಲಿ ಹೂಡಿದ್ರ ಯಾವ ಒಲಿ ಮ್ಯಾಲಿನ ಅನ್ನಾನೂ ಬೇಯೂದಿಲ್ಲ. ನನ್ನ ಕೇಳ್ರಿ.”

“ನಿಮ್ಮನ್ನ ಕೇಳಾಕತ್ತೇವ್ರಿ, ಅದಕ್ಕ ಸಭಾ ಕರದದ್ದು,” ಎಂದರು ಮೇಡಂ.

ಅವನು ಅಂದೇ ಕೂತು ‘ಸರ್ವರ್ ಹಂಚುವುದು ಅನಗತ್ಯ’ ಎಂದು ಬರೆದಿಟ್ಟ. ಅಳತೆ ಇಲ್ಲ, ಆಧಾರವಿಲ್ಲ; ಎದೆಯ ಉರಿಯೇ ಆಧಾರ. ಬಾದಾಮಿಗೊಂದು, ಹುನಗುಂದಕ್ಕೊಂದು ಕೀಲಿಕೈ ಎಂದು ನೆನೆದರೆ ಎದ್ದು ಹೋಗಿ ಖೋಲಿಯ ಬೀಗ ಎಳೆದು ನೋಡಿಬರುತ್ತಿದ್ದ. ಇಲಕಲ್ಲಕ್ಕೊಂದು ಎಂದರೆ ನಿದ್ದೆಯೇ ಹಾರುತ್ತಿತ್ತು. ಆಫ್ರೀನಳ ಮೇಲೆ ಅವನ ಕಣ್ಣು ಮೊದಲಿನಿಂದಲೂ ಕೆಂಪು. ಇಪ್ಪತ್ತೆಂಟರ ಹುಡುಗಿ, ಮೆಲುಮಾತು. ಆದರೆ ಹಾಡಿನ ಒಂದು ನುಡಿ ಕೇಳಿದರೆ ಎರಡನೆಯದನ್ನು ಹೇಳಬಲ್ಲಳು. ಆ ಒಂದು ಗುಣ ಅವನದಾಗಿರಬೇಕಿತ್ತು, ಅವನೊಬ್ಬನದು.

ಅವಳು ಬಂದಳು. ಮೊದಲ ದಿನ ಖೋಲಿಯ ಥಂಡಿಗೆ ನಡುಗಿದಳು. ಎರಡನೆಯ ದಿನ ಇಲಕಲ್ಲದಿಂದ ದುಪ್ಪಟಿ ಹೊದ್ದೇ ಬಂದಳು. ಕಾಶಪ್ಪ ಮಗ್ಗುಲಲ್ಲೇ ಕುರ್ಚಿ ಹಾಕಿ, ತೊಟ್ಟಿಲ ಬಳಿ ಕೂತ ಬಾಣಂತಿಯಂತೆ ಕಣ್ಣು ಕೀಳದೆ ಕೂತ. ಮೂರನೆಯ ದಿನ ಮಧ್ಯಾಹ್ನ ಅವಳು ತಿರುಗಿ, “ಕಾಕಾ, ನಿಮ್ಮ ಮಾತ ಖರೆ ಐತ್ರಿ. ಹಂಚೂದು ಬ್ಯಾಡ. ಸರ್ವರ್ ಅರ್ಧಾ ಖಾಲಿ ಕುಂತೈತಿ,” ಎಂದಳು.

ಹಿಗ್ಗಬೇಕಿತ್ತು. ಆದರೆ ಅವನಿಗೆ ಚುಳ್ಳೆಂದಿತು. ತನ್ನ ಬಳಿ ಇದ್ದದ್ದು ಬರೀ ಅಭಿಪ್ರಾಯ. ಅದಕ್ಕೆ ಆಧಾರ ಹುಡುಕಿ ತಂದವಳು ಇವಳು. ಈಗ ಆ ಅಭಿಪ್ರಾಯವೂ ಇವಳದೇ ಆಯಿತಲ್ಲ!

“ಮತ್ತ ಶ್ರಾವಣದಾಗ ಯಾಕ ನಿಂದರತೈತ್ರಿ ಮೇಡಮ್ಮಾರ?” ಎಂದ, ವ್ಯಂಗ್ಯಕ್ಕೆ ತುಪ್ಪ ಹಚ್ಚಿ.

“ನಿಮ್ಮ ಪಟ್ಟಿಯಿಂದ್ರಿ.”

ಕಾಶಪ್ಪನ ಎಡಗೈ ಎದೆಗೆ ಹೋಯಿತು.

ಅವಳು ಬಿಡಿಸಿ ಹೇಳಿದಳು. “ಯಾರರೆ ಒಂದ ಮಾತು ಹುಡುಕಿದ್ರ, ಸರ್ವರ್ ಅವಾಗ ನಿಮ್ಮ ಕೀಲಿ ತಗದು, ಪಟ್ಟಿ ಬಿಚ್ಚಿ, ಆ ಮಾತಿನ ರೂಪ ಎಲ್ಲಾ ಹೆಕ್ಕಿ, ಒಂದೊಂದನ್ನೂ ಬ್ಯಾರೆ ಬ್ಯಾರೆ ಹುಡುಕತೈತಿ. ಸಾವಿರ ಮಂದಿ ಕೇಳಿದ್ರ ಸಾವಿರ ಸಲ. ಬೀಗರು ತಾಟಿನ ಮುಂದ ಬಂದು ಕುಂತಮ್ಯಾಲ ಯಾರರೆ ಜ್ವಾಳಾ ಹಸನ ಮಾಡ್ತಾರೇನ್ರಿ ಕಾಕಾ? ಒಳಗ ತುಂಬೂಮುಂದ ಹಸನ ಮಾಡಬೇಕು. ಹಾಡು ಸರ್ವರಿಗೆ ಹಾಕೂಮುಂದ, ಮಾತಿನ ರೂಪಾನೂ ಕೂಡಿಸಿ ಹಾಕಿಬಿಟ್ರ ಆತು. ಈ ಒಂದ ಸರ್ವರ್ ಇನ್ನೂ ಹತ್ತ ವರ್ಷ ದುಡೀತೈತಿ.”

“ಹಾಕ್ತೇನಿ ಬಿಡು, ನಾನ ಹಾಕ್ತೇನಿ.”

“ನೀವ ಹ್ಯಾಂಗ ಹಾಕ್ತೀರಿ? ಹೊಸಾ ಹಾಡು ಹಾಕೂದು ನಾವು. ಬಾದಾಮ್ಯಾಗ, ಹುನಗುಂದದಾಗ, ಇಲಕಲ್ಲದಾಗ. ಪಟ್ಟಿ ನಮ್ಮ ಮೂರೂ ಕಡೆ ಬಿಚ್ಚಿ ಇರಬೇಕಲ್ರಿ.” ಸ್ವಲ್ಪ ತಡೆದು ಅವಳೇ ಹೇಳಿದಳು. “ಬ್ಯಾಡ ಅಂದ್ರ ಇನ್ನೊಂದ ದಾರಿ ಐತಿ. ಮೂರ ಸರ್ವರ್ ತಂದ್ರ ಭಾರ ಹಂಚಿಹೋಗತೈತಿ. ಪಟ್ಟಿ ನಿಮ್ಮ ಕೀಲ್ಯಾಗ ಇದ್ರೂ ಹ್ಯಾಂಗೋ ನಡೀತೈತಿ. ನಾ ಹಂಗೂ ಬರದುಕೊಡ್ತೇನಿ. ಪಟ್ಟಿ ನಿಮ್ಮದು, ನೀವ ಹೇಳ್ರಿ.”

ಒಂದೋ ಯಂತ್ರ ಹಂಚಬೇಕು, ಇಲ್ಲವೇ ಪಟ್ಟಿ ಹಂಚಬೇಕು. ಹಂಚದೆ ಉಳಿಯುವ ದಾರಿಯನ್ನು ಮಾತ್ರ ಆ ಹುಡುಗಿ ಎಲ್ಲೂ ಇಟ್ಟಿರಲಿಲ್ಲ.

ರವಿವಾರ ಅವನು ಅಮೀನಗಡದಲ್ಲಿ ಬಸ್ಸಿಳಿದು, ಕರದಂಟಿನ ಅಂಗಡಿಯ ಮುಂದಿನ ಬೆಂಚಿನ ಮೇಲೆ ತಾಸುಗಟ್ಟಲೆ ಕೂತ. ಬಸ್ಸುಗಳು ಬಂದವು, ಹೋದವು. ಕಿಟಕಿಗಳಿಂದ ಹೆಣ್ಣುಮಕ್ಕಳ ಮಾತು ಸುರಿಯಿತು. ಅವನ ಪಟ್ಟಿಯ ಎಷ್ಟೋ ಮಾತುಗಳು ಅಲ್ಲಿ ಪುಕ್ಕಟೆಯಾಗಿ, ಯಾರ ಕಾವಲೂ ಇಲ್ಲದೆ, ಬಾಯಿಂದ ಬಾಯಿಗೆ ಓಡಾಡುತ್ತಿದ್ದವು. ಅದನ್ನು ಕಂಡು ಅವನ ಮನಸ್ಸು ಕರಗಿತು ಎಂದರೆ ಸುಳ್ಳಾದೀತು. ಅವನು ಲೆಕ್ಕ ಹಾಕಿದ್ದಿಷ್ಟೇ: ಪಟ್ಟಿ ಕೊಟ್ಟರೆ ಯಂತ್ರ ನನ್ನ ಖೋಲಿಯಲ್ಲೇ ಉಳಿಯುತ್ತದೆ, ಮೂರು ಖೋಲಿ, ಮೂರು ಕೀಲಿಕೈ ಹುಟ್ಟುವುದಿಲ್ಲ.

ಸೋಮವಾರ ಪಟ್ಟಿ ಕೊಟ್ಟ. ಹನ್ನೊಂದು ಸಾವಿರ ಮಾತು, ಒಂದು ಕಡಿಮೆ.

ಕಿತ್ತಿಟ್ಟುಕೊಂಡದ್ದು ಪಟ್ಟಿಯ ಮೊಟ್ಟಮೊದಲ ಮಾತು: ಹಾಲಚಿಕ್ಕಿ. ಬೆಳಗಿನ ಬೆಳ್ಳಿಚುಕ್ಕಿಗೆ ಅವನ ತಾಯಿ ತಾಯವ್ವ ಹಾಗೆನ್ನುತ್ತಿದ್ದಳು. ಎಮ್ಮೆ ಹಿಂಡುವ ಹೊತ್ತಿಗೆ ಮೂಡುವುದು, ಅದಕ್ಕೇ ಹಾಲಚಿಕ್ಕಿ. ಆಕೆ ಬೀಸುವಾಗ, ಕಲ್ಲಿನ ಮಗ್ಗುಲಲ್ಲಿ ಕೌದಿ ಹೊದ್ದು ಮಲಗಿದ ಅವನಿಗೆ ‘ಹಾಲಚಿಕ್ಕಿ ಮೂಡ್ಯಾಳ ಹಟ್ಟಿ ಬೆಳಗ್ಯಾಳ’ ಎಂಬ ಮೊದಲ ನುಡಿ ಕೇಳುತ್ತಿತ್ತು. ಎರಡನೆಯದಕ್ಕೆ ಮತ್ತೆ ನಿದ್ದೆ. ಮೇಷ್ಟ್ರುಗಳು ಟೇಪ್ ರೆಕಾರ್ಡರ್ ತಂದಾಗ ತಾಯವ್ವ, “ಡಬ್ಬಿಗೆ ಯಾರರೆ ಹಾಡ ಹೇಳ್ತಾರೇನೋ ಹುಚ್ಚಪ್ಪ,” ಎಂದು ನಕ್ಕು ಒಳಗೆ ಹೋಗಿದ್ದಳು. ನಲವತ್ತು ಸಾವಿರ ಹಾಡು ಕಾಯ್ದ ಮಗನ ಹತ್ತಿರ ಅವ್ವನದೆಂದು ಉಳಿದದ್ದು ಆ ಒಂದು ಮಾತು, ಒಂದು ನುಡಿ. ಅದನ್ನೂ ಇಲಕಲ್ಲಕ್ಕೆ ಕೊಡುವುದೇ? ಆಗದು.

ಆ ಶ್ರಾವಣದಲ್ಲಿ ಸರ್ವರ್ ನಿಲ್ಲಲಿಲ್ಲ. ಕಾಶಪ್ಪನ ಫೋನೂ ಬಾರಿಸಲಿಲ್ಲ. ಅವನು ಅದನ್ನು ಎರಡು ಸಲ ಎತ್ತಿ, ಕೆಟ್ಟಿದೆಯೇನೋ ಎಂದು ಅಲುಗಾಡಿಸಿ ನೋಡಿದ. ಪಂಚಮಿಯ ಮುನ್ನಾದಿನ ಕೊನೆಗೂ ಬಾರಿಸಿತು. ಆಫ್ರೀನ.

“ಕಾಕಾ, ನಿಮ್ಮ ಪಟ್ಟಿ ಒಂದ ಕಡೆ ಕೈ ಕೊಟ್ಟಿತ್ರಿ. ನಮ್ಮ ಅಜ್ಜಿ ಹುಸೇನಬೀದು ಒಂದ ಬೀಸೂ ಪದ ಹಾಕಾಕತ್ತೇನಿ. ಅದರಾಗ ‘ಹಾಲಚಿಕ್ಕಿ’ ಅಂತ ಐತಿ. ಪಟ್ಟ್ಯಾಗ ಇಲ್ಲ.”

ಅವನು ಕೇಳಿದ, “ನಿಮ್ಮ ಅಜ್ಜಿ… ಯಾರ ಕಡಿಂದ ಕಲತಾಳ ಅದನ್ನ?” ಅವನ ಜನ್ಮದಲ್ಲಿ ಅವನು ವ್ಯಂಗ್ಯವಿಲ್ಲದೆ ಕೇಳಿದ ಮೊದಲ ಪ್ರಶ್ನೆ ಅದೇ ಇರಬೇಕು, ಅದೂ ಪೋಲೀಸನ ತನಿಖೆಯಂತಿತ್ತು.

ಫೋನಿನ ಆ ತುದಿಯಲ್ಲಿ, ಮೊಮ್ಮಗಳ ಮಗ್ಗುಲಿಗೇ ಇದ್ದ ಹುಸೇನಬಿಯ ಮುದಿದನಿ ನಕ್ಕಿತು. “ಯಾರ ಕಡಿಂದ ಅಂತ ಹೇಳ್ಲೆಪ್ಪಾ? ಅವಾಗ ಎಲ್ಲಾರೂ ಹಂಗ ಅಂತಿದ್ರು. ಮಾತಿಗೂ ಮಾಲಕರು ಇರ್ತಾರೇನು?”

ಎಲ್ಲರೂ. ಅವ್ವನೊಬ್ಬಳದೆಂದು ಐವತ್ತು ವರ್ಷ ಎದೆಗೊತ್ತಿಕೊಂಡದ್ದು ಎಲ್ಲರದು. ಕಾಶಪ್ಪನ ಎಡಗೈ ಕೋಟಿನ ಮೇಲೆ ಹಾಗೇ ಇತ್ತು. “ಹಲೋ ಕಾಕಾ, ಅದೀರೇನ್ರಿ?” ಎಂದು ಹುಡುಗಿ ಎರಡು ಸಲ ಕೂಗಿದಳು.

“ತಂಗಿ,” ಎಂದ ಕೊನೆಗೆ. ಅವಳನ್ನು ಅವನು ಹಾಗೆ ಕರೆದದ್ದು ಅದೇ ಮೊದಲು. “ಅಜ್ಜಿನ್ನ ಒಂದಿಷ್ಟು ಕೇಳು. ‘ಹಾಲಚಿಕ್ಕಿ ಮೂಡ್ಯಾಳ ಹಟ್ಟಿ ಬೆಳಗ್ಯಾಳ’… ಮುಂದಿನ ನುಡಿ ಏನಂತ ಕೇಳು.”

ಹುಸೇನಬಿ ಹಾಡಿದಳು. ಖೋಲಿಯ ಥಂಡಿಯಲ್ಲಿ ಕೋಟು ತೊಟ್ಟು ನಿಂತ ಆ ಮನುಷ್ಯ ಐವತ್ತು ವರ್ಷ ತಡವಾಗಿ ಎರಡನೆಯ ನುಡಿ ಕೇಳಿದ:

‘ಮಲಗಿದ ಕೂಸನ್ನ ಎಬ್ಬಸಬ್ಯಾಡವ್ವ, ಕಲ್ಲ ಮೆಲ್ಲಕ ಬೀಸ.’

ಅಂದೇ ಅವನು ಪಟ್ಟಿಯ ತಲೆಯ ಮೇಲೆ ಹಾಲಚಿಕ್ಕಿಯನ್ನು ತನ್ನ ಕೈಯಾರೆ ತಿರುಗಿ ಬರೆದ. ಎದುರಿಗೆ ಊರು ನಮೂದಿಸುವಾಗ, ‘ಅಮೀನಗಡ’ ಮೊದಲು, ‘ಇಲಕಲ್ಲ’ ಆಮೇಲೆ. ಅಷ್ಟು ಕಿಚ್ಚನ್ನು ದೇವರೂ ಕ್ಷಮಿಸಿಯಾನು.

ಕಾಯುವವರಿಗೆಲ್ಲ ಈ ಉರಿ ತಪ್ಪಿದ್ದಲ್ಲ. ಗುಡಿಯ ಕೀಲಿ ಕಾಯುವವನಿಗೆ ದೇವರ ಮೇಲೆ, ಕಣಜ ಕಾಯುವವನಿಗೆ ಕಾಳಿನ ಮೇಲೆ, ಮಾತು ಕಾಯುವವನಿಗೆ ಆಡುವ ಬಾಯಿಗಳ ಮೇಲೆ. ನಾವು ಅವರನ್ನು ಸಣ್ಣ ಮನಸ್ಸಿನವರೆನ್ನುತ್ತೇವೆ. ಆದರೆ ಯೋಚಿಸಿ: ಉದಾರಿಗಳು ತಂದುಕೊಟ್ಟ ಎಷ್ಟು ಸಂಗತಿಗಳು ನಮ್ಮ ಕೈಯಿಂದ ಜಾರಿ ಹೋಗಿಲ್ಲ? ಹೊಟ್ಟೆಕಿಚ್ಚಿನವರು ಬಚ್ಚಿಟ್ಟದ್ದಷ್ಟೇ ಎಷ್ಟೋ ಸಲ ಉಳಿದಿರುತ್ತದೆ. ಅವರ ದುರ್ದೈವವೆಂದರೆ ಕಾಯುತ್ತಿರುವುದು ಅರ್ಧ ಹಾಡೆಂದು ಅವರಿಗೆ ತಿಳಿಯದಿರುವುದು; ಉಳಿದರ್ಧ ಯಾವಾಗಲೂ ಬೇರೆ ಯಾರದೋ ಬಾಯಲ್ಲಿರುತ್ತದೆ, ಕೇಳಿದರೆ ಮಾತ್ರ ಸಿಗುತ್ತದೆ.