ಕಮರಿಪೇಟೆಯ ಮೇಳ ಚನ್ನಯ್ಯನ ಮನೆಗೆ ಬಂದದ್ದು

ಕಮರಿಪೇಟೆಯ ಭಜನಾ ಮೇಳ ಸೋಮವಾರ ಸಂಜೆ ನಮ್ಮ ಮನೆಯಲ್ಲೇ ಹಾಡಲಿದೆ ಎಂದು ಹೆಂಡತಿ ನೀಲವ್ವ ಹೇಳಿದಾಗ ಚನ್ನಯ್ಯನ ಎದೆ ಧಸಕ್ಕೆಂದಿತು. ಕೈಯಲ್ಲಿದ್ದ ಚಹಾ ಧೋತರದ ಮೇಲೆ ಚೆಲ್ಲಿತು. ನೀಲವ್ವ ಬೈಯಲಿಲ್ಲ, ಮೆಲ್ಲಗೆ ಒರೆಸಿದಳು. ಇದರಿಂದ ಅವನಿಗೆ ಇನ್ನಷ್ಟು ಹೆದರಿಕೆಯಾಯಿತು. ಚಹಾ ಚೆಲ್ಲಿ ಬೈಸಿಕೊಳ್ಳದೆ ಪಾರಾದದ್ದು ಈ ಸಂಸಾರದಲ್ಲಿ ಎಂದೂ ಇರಲಿಲ್ಲ.

ಬೇರೆಯವರಾಗಿದ್ದರೆ ಮನೆಗೆ ದೇವರ ಹಾಡು ಬರುತ್ತದೆಂದು ಹಿಗ್ಗುತ್ತಿದ್ದರು. ಚನ್ನಯ್ಯ ಆ ಮೇಳದ ಚರಿತ್ರೆಯನ್ನು ಅರೆದು ಕುಡಿದವನು. ಅವನ ಅಪ್ಪನ ಕಾಲಕ್ಕೆ ಅರಳೆ ವ್ಯಾಪಾರದ ನಾಲ್ಕು ಮಂದಿ ಗುಡಿಯ ಪಡಸಾಲೆಯಲ್ಲಿ ಒಂದು ಜೋಡಿ ತಾಳ ಹಿಡಿದು ಕೂತದ್ದೇ ಅದರ ಹುಟ್ಟು. ಅರಳೆ ಅಂಗಡಿಗಳು ಊರಾಚೆ ಅಮರಗೋಳದ ಮಾರುಕಟ್ಟೆಗೆ ಹೋದಾಗ ಮೇಳದ ಕಥೆ ಮುಗಿಯಿತೆಂದರು, ಮುಗಿಯಲಿಲ್ಲ. ತಬಲಾಕ್ಕೆ ಇಮಾಮಹುಸೇನ ಬಂದ. ಹೆಂಗಸರು ಬಂದರು. ಅದಕ್ಕೆ ಮುನಿಸಿಕೊಂಡು ಇಬ್ಬರು ಹಿರಿಯರು ಎದ್ದು ಹೋದರು, ಅವರು ಹೋದ ಮೇಲೆ ಹಾಡು ಶ್ರುತಿಗೆ ಬಂತು. ಮುಂದೆ ಕೂತು ಹಾಡು ಎತ್ತಿಕೊಡುವ ಜಾಗ ಚನ್ನಯ್ಯನ ಪಾಲಿಗೆ ಬಂದದ್ದು ಆಗಲೇ.

ತೊಟ್ಟಿಲಿರಲಿ, ಹೊಸ ಮನೆಯಿರಲಿ, ಮೇಳ ಹಾಡುವುದು ತನ್ನದೇ ಕ್ರಮದಲ್ಲಿ: ಮೊದಲು ಗುರುಸ್ತುತಿ, ಕೊನೆಗೆ ಮಂಗಳ. ಆದರೆ ಡಾಕ್ಟರು ಕೈಬಿಟ್ಟವರ ಮನೆಯಿಂದಲೂ ಕರೆ ಬರತೊಡಗಿತು. ಅಂಥ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಮುದುಕನೊಬ್ಬ ತಾಳದ ಸದ್ದಿಗೇ ಗಡಗಡ ನಡುಗುವುದನ್ನು ಕಂಡು ಚನ್ನಯ್ಯ ಅವನ ತಲೆದೆಸೆಗೆ ಕೂತು, ಕೈ ಹಿಡಿದು, ಯಾವ ಹಾಡು ಬೇಕೆಂದು ಕೇಳಿದ. ಮುದುಕ ತನಗಿಷ್ಟದ್ದನ್ನು ಹೇಳಿದ, ಮೇಳ ಹಾಡಿತು, ಅವನ ಮುಖ ಸಡಿಲಾಯಿತು. ಅಂದಿನಿಂದ ಅದೇ ರೂಢಿಯಾಯಿತು. ಕರೋನಾದ ವರ್ಷ ಫೋನಿನಲ್ಲೇ ಕೇಳಿ ಫೋನಿನಲ್ಲೇ ಹಾಡಿದರು. ಚನ್ನಯ್ಯನದು ದೊಡ್ಡ ಮನಸ್ಸೆಂದು ಓಣಿಯೆಲ್ಲ ಹೊಗಳಿತು. ಹೊಗಳಿಕೆಯನ್ನು ಅವನೂ ಬೇಡವೆನ್ನಲಿಲ್ಲ. ಆದರೆ ಮಲಗಿದವರ ಕಿವಿಗೆ ಆ ಪ್ರಶ್ನೆ ಹೇಗೆ ಕೇಳಿಸುತ್ತದೆಂದು ಅವನು ಒಮ್ಮೆಯೂ ಯೋಚಿಸಿರಲಿಲ್ಲ. ಅದನ್ನು ಕೇಳಿಸಿಕೊಂಡವರಲ್ಲಿ ಮತ್ತೆ ಎದ್ದು ಓಡಾಡಿದವರು ಒಬ್ಬರೂ ಇಲ್ಲ.

ಈಗ ಅವನ ಹೊಟ್ಟೆಯ ಆಪರೇಷನ್ ಆಗಿತ್ತು. ಗಡ್ಡೆ ತೆಗೆದಿದ್ದಾರೆ, ಇನ್ನು ಚಿಂತೆಯಿಲ್ಲ ಎಂದು ಮಗ ರಾಜಶೇಖರ ಹೇಳಿದ್ದ. ಡಾಕ್ಟರು ನಿಜವಾಗಿ ಏನೆಂದರು ಎಂದು ಕೇಳಿದರೆ ದಿಂಬು ಸರಿಮಾಡತೊಡಗುತ್ತಿದ್ದ. ಚನ್ನಯ್ಯನಿಗೂ ಒತ್ತಿ ಕೇಳುವ ಧೈರ್ಯವಿರಲಿಲ್ಲ. ಮಗ ಮುಚ್ಚಿಟ್ಟದ್ದನ್ನು ಮೇಳ ಬಾಯಿಬಿಡುತ್ತದೆ ಎಂಬುದೊಂದೇ ಅವನ ಭಯ.

ಸೋಮವಾರ ಅವನು ಸ್ನಾನ ಮಾಡಿ, ಮಡಿ ಧೋತರ ಉಟ್ಟು, ಹಾಸಿಗೆ ಬಿಟ್ಟು ಕುರ್ಚಿಯಲ್ಲಿ ಕೂತ. ಪಕ್ಕದ ಸ್ಟೂಲನ್ನು ಒಳಗೆ ಒಯ್ಯಿಸಿದ. ತಲೆದೆಸೆಯೇ ಇಲ್ಲದಿದ್ದರೆ ಅಲ್ಲಿ ಕೂರುವುದು ಹೇಗೆ? ಹೆದರಿದವನ ಬುದ್ಧಿ ಎಲ್ಲೆಲ್ಲಿಗೋ ಓಡುತ್ತದೆ.

ಮೇಳ ಬಂತು. ಈಗ ಹಾಡು ಎತ್ತಿಕೊಡುವವನು ಸೀರೆ ಅಂಗಡಿಯ ಮಹಾದೇವಪ್ಪ. ಅವನು ನೆಟ್ಟಗೆ ಚನ್ನಯ್ಯನ ಹತ್ತಿರವೇ ಬಂದು, ಬಾಗಿ, ಕೈ ಹಿಡಿದ. ಚನ್ನಯ್ಯನ ಜೀವ ಬಾಯಿಗೆ ಬಂತು.

“ಆರಾಮ ಅದೀರೇನ್ರಿ?” ಎಂದ ಮಹಾದೇವಪ್ಪ. ಅಷ್ಟೇ. ಹೋಗಿ ತನ್ನ ಜಾಗದಲ್ಲಿ ಕೂತ.

ಗುರುಸ್ತುತಿ ಆಯಿತು. ಅದರ ಹಿಂದೆ ಎರಡನೆಯದು, ಮೂರನೆಯದು, ಎಲ್ಲ ಅದೇ ಹಳೆಯ ಕ್ರಮದಲ್ಲಿ. ಒಂದೊಂದು ಹಾಡಿಗೂ ಚನ್ನಯ್ಯ ಒಂದೊಂದು ಗೇಣು ಹಗುರಾದ. ತೊಡೆಯ ಮೇಲೆ ತಾಳ ಹಾಕಿದ. ಲಯ ತಪ್ಪಿದ ಹೆಂಗಸೊಬ್ಬಳನ್ನು ಕಣ್ಣಲ್ಲೇ ಗದರಿಸಿದ. ಮುಂದಿನ ವಾರ ಅಮರಗೋಳದ ತನ್ನ ಅಂಗಡಿಗೆ ಹೋಗಿಬಂದರಾಯಿತು ಎಂದೂ ಲೆಕ್ಕ ಹಾಕಿದ.

ಮಂಗಳಕ್ಕೆ ಮೊದಲು ಮಹಾದೇವಪ್ಪ ನಿಲ್ಲಿಸಿ ಮುಖ ಒರೆಸಿಕೊಂಡ. ಇಮಾಮಹುಸೇನನ ಕಡೆ ತಲೆಯಾಡಿಸಿದ. ಆಮೇಲೆ ಎತ್ತಿಕೊಂಡ ಹಾಡು ಮೇಳದ್ದೇ ಅಲ್ಲ.

ಸುಳ್ಳ ಎಂಬ ಹಳ್ಳಿಯ ಮನೆಯಲ್ಲಿ ಜೋಳ ಹಸನು ಮಾಡುತ್ತ ಚನ್ನಯ್ಯನ ಅವ್ವ ಹೇಳುತ್ತಿದ್ದ ಹಾಡು ಅದು. ಅದರಲ್ಲಿ ಗುರುವಿಲ್ಲ, ಲಿಂಗವಿಲ್ಲ. ಕಳ್ಳ ಬೆಕ್ಕೊಂದು ಹಾಲು ಕುಡಿಯುತ್ತದೆ, ಅತ್ತೆ ಸೊಸೆಯನ್ನು ಬೈಯುತ್ತಾಳೆ, ಅಷ್ಟೇ ಅದರ ಕಥೆ. ಚನ್ನಯ್ಯ ಅದನ್ನು ಬಚ್ಚಲಲ್ಲಿ ಮಾತ್ರ ಗುನುಗುತ್ತಿದ್ದ. ನೀಲವ್ವನನ್ನು ಬಿಟ್ಟರೆ ಭೂಮಿಯ ಮೇಲೆ ಯಾರಿಗೂ ಅದು ಗೊತ್ತಿರಲಿಲ್ಲ. ಈಗ ಬೆಳೆದ ಗಂಡಸರು ಹೆಂಗಸರು ಕಣ್ಣು ಮುಚ್ಚಿ, ಪೇಟಿ ತಬಲಾ ಸಮೇತ, ಬೆಕ್ಕಿನ ಮೀಸೆಗೆ ಹಾಲು ಹತ್ತಿದ್ದನ್ನು ಭಕ್ತಿಯಿಂದ ಹಾಡುತ್ತಿದ್ದರು.

ಹಿಮ್ಮೇಳ ಎಲ್ಲೂ ತಡವರಿಸಲಿಲ್ಲ. ಒಂದು ದಿನದಲ್ಲಿ ಕಲಿತ ಹಾಡಲ್ಲ ಅದು. ಚನ್ನಯ್ಯನಿಗೆ ತಿಳಿಯಿತು: ಪ್ರಶ್ನೆ ಕೇಳಿಯಾಗಿದೆ. ಅವನ ಮುಂದೆ ಕೇಳಲು ಬಾಯಿ ಬಾರದೆ ಅಡುಗೆಮನೆಗೆ ಹೋಗಿ ನೀಲವ್ವನನ್ನು ಕೇಳಿದ್ದಾರೆ. ಅವನಿಗೆ ಸಾಯಲು ಹೆದರಿಕೆಯಾಯಿತು, ಎದ್ದು ಬೀದಿಗೆ ಓಡಿಬಿಡುವಷ್ಟು ಹೆದರಿಕೆ.

ಎರಡು ನುಡಿಯಾದ ಮೇಲೆ ಹಾಡು ಮತ್ತೆ ಪಲ್ಲವಿಗೆ ಬಂದು ನಿಂತಿತು. ನೀಲವ್ವನಿಗೆ ಗೊತ್ತಿದ್ದದ್ದು ಅಷ್ಟೇ. ಮಹಾದೇವಪ್ಪ ತಲೆ ಎತ್ತಲಿಲ್ಲ.

“ಮುಂದ ಇನ್ನೊಂದ ನುಡಿ ಅದ,” ಎಂದ ಚನ್ನಯ್ಯ. “ನಾ ಹೋದ್ರ ಅದನ್ನ ನಿಮಗ ಯಾರ ಹೇಳಿಕೊಡ್ತಾರ?”

ಹಾಗೇಕೆ ಅನ್ನುತ್ತೀರಿ, ನಿಮಗೇನಾಗಿದೆ ಎಂದು ಯಾರಾದರೂ ಅಂದಾರೆಂದು ಅವನು ಕಾದ. ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ. ಬಾಗಿಲ ಬಳಿ ನಿಂತಿದ್ದ ಮಗನ ಮುಖವನ್ನೂ ನೋಡಿದ. ಯಾರೂ ಅನ್ನಲಿಲ್ಲ.

ನೀಲವ್ವ ಒಳಗಿನಿಂದ ಬಂದು ಅವನ ಕುರ್ಚಿಗೆ ಒತ್ತಿ ನೆಲದ ಮೇಲೆ ಕೂತಳು. ಚನ್ನಯ್ಯ ಅವಳ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡು ಉಳಿದ ನುಡಿಯನ್ನು ಎತ್ತಿಕೊಟ್ಟ. ದನಿ ನಡುಗಿತು. ಹಿಮ್ಮೇಳ ಅದನ್ನು ಅವನು ಹೇಳಿದಂತೆಯೇ, ನಡುಗುತ್ತಲೇ, ತಿರುಗಿ ಹಾಡಿತು.