ಕಡೆಯ ಹಲಗೆ

“ತೆಗಿಯಾ ನಾಗಾ, ಬೋಳಿಮಗನೆ. ಹಾಕ್ದ ಕೈಯಲ್ಲೇ ತೆಗಿ ಹಲ್ಗಿ.”

ಗುತ್ತಿಗೆದಾರ ಅಶೋಕ ಬೆನ್ನಿಗೆ ಒದ್ದ ಏಟಿಗೆ ಅಪ್ಪ ಗಜನಿ ಗದ್ದೆಯ ಕೆಸರಿಗೆ ಮುಖ ಅಡಿಯಾಗಿ ಬಿದ್ದ. ಬೇಸಿಗೆಯಲ್ಲಿ ಗದ್ದೆಗೆ ಉಪ್ಪುನೀರು ಬಿಟ್ಟು ಅಶೋಕ ಶೆಟ್ಲಿ, ಅಂದರೆ ಸಿಗಡಿ, ಹಿಡಿಯಬೇಕು, ಮಳೆಗೆ ಮುಂಚೆ ಗದ್ದೆ ನಮಗೆ ಬಿಟ್ಟುಕೊಡಬೇಕು. ನಮ್ಮೂರು ಭಾವಿಕೇರಿಯ ಕಟ್ಟಳೆ ಅದು. ಈ ಸಲ ಅವನು ಬಿಡಲಿಲ್ಲ. ಸಮುದ್ರದ ಇಳಿತ ನೋಡಿ, ಉಪ್ಪುನೀರು ತಡೆಯಲು ಅಪ್ಪ ದಂಡೆಯ ನೀರಿನ ಬಾಗಿಲಿಗೆ ಹಲಗೆ ಇಳಿಸಿದ್ದೇ ತಪ್ಪಾಯಿತು.

“ಮಳೆ ಬಂತು ಒಡೆಯಾ. ಬೀಜ ಹಾಕ್ಬೇಕಲ್ಲ.”

“ಬೀಜ ಹುರ್ಕಂಡು ತಿನ್ನು. ನಂಗೆ ಶೆಟ್ಲಿ ಬೇಕು.”

ಅವನ ಆಳು ರಾಜು ಅಪ್ಪನ ಬಲಗೈಗೆ ಕೋಲಿನಿಂದ ಬಾರಿಸಿದ. ದಂಡೆಯ ಮೇಲೆ ಊರಿಗೆ ಊರೇ ನಿಂತು ನೋಡುತ್ತಿತ್ತು. ಎಲ್ಲರ ಗದ್ದೆಯೂ ಆ ನೀರಿನಡಿಯಲ್ಲೇ ಇತ್ತು. ಹಲಗೆಯ ಸಂದಿಗೆ ಮೆತ್ತುವ ಜೇಡಿಮಣ್ಣು ಹಿಡಿದಿದ್ದ ನಾನು “ಸಾಕು” ಎಂದು ಕೂಗಿದೆ. ರಾಜು ಮತ್ತೆ ಹೊಡೆದ. ಹಾಕಿದ ಹಲಗೆಗಳೆಲ್ಲ ಮೇಲೆ ಬಂದವು.

ಸಣ್ಣವಳಿದ್ದಾಗಿನಿಂದ ಆ ಮಾತು ನನ್ನದು. ಪ್ರತಿ ವರ್ಷ ಒಳಗಿನ ನೀರು ಹೊರಗೆ ಹೋಗುವ ತನಕ ಅಪ್ಪ ಕಡೆಯ ಹಲಗೆಯನ್ನು ಎತ್ತಿ ಹಿಡಿದು ಕಾಯುತ್ತಿದ್ದ. ನಾನು “ಸಾಕು” ಅಂದ ಮೇಲೆಯೇ ಇಳಿಸುತ್ತಿದ್ದ. ಸಮುದ್ರ ನನ್ನ ಮಾತಿಗೇ ನಿಲ್ಲುತ್ತದೆಂದು ನಂಬಿದ್ದೆ. ಪಿಯುಸಿಗೆ ಬಂದ ಮೇಲೂ ಸ್ವಲ್ಪ ನಂಬಿದ್ದೆ.

ಆ ದಿನದಿಂದ ಅವ್ವ ಅಕ್ಕಿ ಹಾಕು ಅಂದರೆ ಎಷ್ಟು ಅಂತ ಕೇಳುತ್ತೇನೆ. ಅಂಕೋಲೆಯ ಬಸ್ಸು ಬಂದರೆ ಹತ್ತಬೇಕೋ ಬೇಡವೋ ತಿಳಿಯದೆ ನಿಂತೇ ಇರುತ್ತೇನೆ.

“ಎಂತಾ ಆಯ್ತೇ ನಾಗಶ್ರೀ ನಿಂಗೆ?” ಅನ್ನುತ್ತಾಳೆ ಅವ್ವ.

“ನಾ ಎಂತಾ ಹೇಳಿದ್ರೂ ಅಷ್ಟೇ ಅವ್ವಾ. ಹೊಡಿಯವ್ರು ಹೊಡಿತ್ರು.”

ಇವತ್ತು ಮಧ್ಯಾಹ್ನ ಇಳಿತವಿತ್ತು. ಕೈಗೆ ಪಟ್ಟಿ ಕಟ್ಟಿಕೊಂಡೇ ಅಪ್ಪ ಹೊರಟ. ಹೊರುವವರು ಬೇರೆ ಇರಲಿಲ್ಲ, ಹಲಗೆ ಹೊತ್ತು ನಾನು ಹಿಂದೆ ಹೋದೆ. ಅವನು ಹೇಳಿದ ಹಾಗೆ ಒಂದೊಂದೇ ಇಳಿಸಿದೆ. ಕಡೆಯದನ್ನು ಎತ್ತಿ ಹಿಡಿದು ನಿಂತೆ. ಒಳಗಿನ ನೀರೆಲ್ಲ ಹೋಯಿತು.

“ಹೇಳೇ ಮಗಾ,” ಅಂದ ಅಪ್ಪ.

ಹಲಗೆ ಎತ್ತಿ ಹಿಡಿದೇ ಇದ್ದೆ. ಉಬ್ಬರ ಶುರುವಾಗಿ ನೀರು ಬಾಗಿಲಿನ ಹೊಸ್ತಿಲಿಗೆ ಬಂತು. ದಂಡೆಯ ಮೇಲೆ ಅಶೋಕನ ಬೈಕು ನಿಂತಿತು. ಜನ ಮತ್ತೆ ಬಂದು ಸಾಲಾಗಿ ನಿಂತರು.

“ಸಾಕು” ಅನ್ನದೆಯೇ ಹಲಗೆಯನ್ನು ಕೆಳಗೆ ದೂಡಿ ಅದರ ಮೇಲೆ ಕುಳಿತೆ.

“ಏಳೇ ರಂಡೆ,” ಎನ್ನುತ್ತ ರಾಜು ಕೋಲು ಹಿಡಿದು ಕೆಸರಿಗೆ ಇಳಿದ.

ಬೆನ್ನ ಹಿಂದೆ ಸಮುದ್ರ ಹಲಗೆಯನ್ನು ಒತ್ತುತ್ತಿತ್ತು. ನಾನು ಏಳಲಿಲ್ಲ.